ಮೂರು ಕೆಜಿ ಕೋವಿಗೆ ಯಾವ ತೋಟೆ?

ನಮ್ಮ ಅಜ್ಜನ ಹತ್ರ ಇದ್ದಿದ್ದು ಒಂದೇ ಕೋವಿ. ಜೋಡು ನಳಿಗೆ, ಹನ್ನೆರಡು ಬೋರು, ಬೆಳೆ ರಕ್ಷಣೆ ಲೈಸೆನ್ಸಿನದ್ದು. ಎಲೆಕ್ಷನ್ ಬಂದಾಗೆಲ್ಲ ಅದನ್ನ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಡಿಪಾಸಿಟ್ ಮಾಡಿ ಬರೋರು, ರಿಸಲ್ಟ್ ಬಂದ ಮೇಲೆ ಹೋಗಿ ಬಿಡಿಸ್ಕೊಂಡು ಬರೋರು, ಅಷ್ಟರಲ್ಲಿ ಹಂದಿಗಳಿಗೆ ಗದ್ದೇಲಿ ಒಂದು ತಿಂಗಳು ಹಬ್ಬ. ಕೋವಿ ಒಂದೇ ಆದ್ರೂ ಅಜ್ಜನ ಟ್ರಂಕಿನಲ್ಲಿ ತೋಟೆ ಮಾತ್ರ ಮೂರ್ನಾಲ್ಕು ಥರ ಇರ್ತಿದ್ವು. ಎಲ್‌ಜಿ ಅಂದ್ರೆ ದಪ್ಪ ದಪ್ಪ ಆರು ಚರೆ, ಎಸ್‌ಜಿ ಸ್ವಲ್ಪ ಸಣ್ಣದು, ನಾಲ್ಕನೇ ನಂಬರು ಅಂದ್ರೆ ಸಾಸಿವೆಗಿಂತ ಒಂಚೂರು ದೊಡ್ಡದು. ಒಂದು ನಳಿಗೇಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಹಾಕ್ಕೊಂಡು ಹೋಗೋರು. ಮುಕ್ಕಾಲು ಪಾಲು ಈಡು ಆಕಾಶಕ್ಕೇ, ಮಂಗ ಓಡ್ಸೋಕೆ. ಯಾವ ತೋಟೆ ಅನ್ನೋ ಪ್ರಶ್ನೆ ಅವ್ರಿಗೆ ದಿನಾ ಸಂಜೆ ಬರ್ತಿತ್ತು, ಅರ್ಧ ನಿಮಿಷದಲ್ಲಿ ಮುಗೀತಿತ್ತು.

ನಂಗೆ ಅದೇ ಪ್ರಶ್ನೆ ಮೂರು ವರ್ಷ ತಗೊಳ್ತು.

ನಾನೀಗ ಇರೋದು ಅಮೆರಿಕದ ಕೊಲರಾಡೋದಲ್ಲಿ, ಫೋರ್ಟ್ ಕಾಲಿನ್ಸ್ ಅನ್ನೋ ಊರಲ್ಲಿ. ಗ್ರೀನ್ ಕಾರ್ಡ್ ಬಂದ ವರ್ಷ ನಾನೂ ನನ್ನ ಹೆಂಡ್ತೀನೂ ಇಲ್ಲಿನ ಹಂಟರ್ ಎಜುಕೇಶನ್ ಕ್ಲಾಸಿಗೆ ಸೇರಿದ್ವಿ, 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರೇ ಆದ್ರೂ ಆ ಕಾರ್ಡ್ ಇಲ್ದೆ ಇಲ್ಲಿ ಬೇಟೆ ಲೈಸೆನ್ಸ್ ಸಿಗಲ್ಲ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಅಪರಾಧ, ಅದು ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ, ನಮ್ಮ ಕಾಡಿನಲ್ಲಿ ಉಳಿದಿರೋದೇ ಅಷ್ಟು. ಇಲ್ಲಿ ಲೆಕ್ಕ ಬೇರೆ. ಎಷ್ಟು ಜಿಂಕೆ, ಯಾವ ಗುಡ್ಡದಲ್ಲಿ, ಗಂಡೋ ಹೆಣ್ಣೋ ಅಂತ ಇಲಾಖೆ ಲೆಕ್ಕ ಹಾಕಿ ಡ್ರಾ ಎತ್ತಿ ಲೈಸೆನ್ಸ್ ಕೊಡುತ್ತೆ.

ನಮಗೆ ಬೇಕಾಗಿದ್ದು ಒಂದೇ ರೈಫಲ್, ಇಬ್ಬರಿಗೂ ಸೇರಿ. ಎರಡು ಮೂರು ಇಟ್ಕೊಳ್ಳೋಕೆ ಮನೇಲಿ ಜಾಗ ಇಲ್ಲ, ಹೆಂಡ್ತಿಗೆ ಇಷ್ಟಾನೂ ಇಲ್ಲ. ಗುಡ್ಡ ಹತ್ತುವಾಗ ಭಾರ ಆಗಬಾರದು, ಪೊದೆಗೆ ಸಿಕ್ಕಬಾರದು, ಜಿಂಕೆಗೂ ಆಗಬೇಕು, ಅದೃಷ್ಟ ಇದ್ದು ಎಲ್ಕ್ ಲೈಸೆನ್ಸ್ ಸಿಕ್ಕರೆ ಅದಕ್ಕೂ ಆಗಬೇಕು. ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಆದ್ರೆ ಅಜ್ಜನ ಥರ ತೋಟೆ ಬದಲಾಯಿಸ್ಕೊಂಡು ಹೋಗೋ ಹಂಗಿಲ್ಲ. ರೈಫಲ್ಲಿಗೆ ಯಾವ ತೋಟೆ ಅಂತ ನಳಿಗೆ ಮೇಲೇ ಕೊರೆದಿರ್ತಾರೆ. ಒಂದು ಸಲ ಆರಿಸಿದ್ರೆ ಮುಗೀತು.

ಈ ಪುಟ್ಟ, ಎಲ್ಲದಕ್ಕೂ ಆಗೋ ರೈಫಲ್ ಅನ್ನೋ ವಿಷಯಕ್ಕೆ ಇಲ್ಲಿ ಒಬ್ಬ ದೊಡ್ಡ ಗುರು ಇದ್ದ. ಜೆಫ್ ಕೂಪರ್ ಅಂತ, ಮರೀನ್ ಸೈನ್ಯದಲ್ಲಿದ್ದು ಆಮೇಲೆ ಅರಿಝೋನಾದಲ್ಲಿ ಗನ್‌ಸೈಟ್ ಅನ್ನೋ ತರಬೇತಿ ಶಾಲೆ ಶುರು ಮಾಡಿದವನು, 2006ರಲ್ಲಿ ತೀರ್ಕೊಂಡ. 1980ರ ದಶಕದಲ್ಲಿ ಸ್ಕೌಟ್ ರೈಫಲ್ ಅಂತ ಒಂದು ಕಲ್ಪನೆ ಮುಂದಿಟ್ಟ. ಉದ್ದ ಒಂದು ಮೀಟರ್ ದಾಟಬಾರದು, ತೂಕ ಮೂರು ಕೆಜಿ ಆಸುಪಾಸು ಇರಬೇಕು, ಒಬ್ಬ ಮನುಷ್ಯ ಒಂದೇ ರೈಫಲ್ ತಗೊಂಡು ಎಲ್ಲಿಗೆ ಬೇಕಾದ್ರೂ ಹೋಗೋ ಹಂಗಿರಬೇಕು. ಆಸ್ಟ್ರಿಯಾದ ಸ್ಟೈಯರ್ ಕಂಪನಿ 90ರ ದಶಕದ ಕೊನೇಲಿ ಅವನ ಹೆಸರಿನ ಜೊತೆಗೇ ಅದನ್ನ ಮಾಡಿತು, 2011ರಲ್ಲಿ ರೂಗರ್ ಕಂಪನಿದು ಬಂತು. ಅವನು ಆರಿಸಿದ ತೋಟೆ .308 ವಿಂಚೆಸ್ಟರ್ (ಇಂಥ ಹೆಸರಿನ ಅಂಕಿ ಅಂದ್ರೆ ಹೆಚ್ಚುಕಮ್ಮಿ ಗುಂಡಿನ ದಪ್ಪ, ಇಂಚಿನಲ್ಲಿ). ಕಾರಣ ಸರಳ, ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಸಿಗುತ್ತೆ, ಕೋಶ, ಅಂದ್ರೆ ಮದ್ದು ತುಂಬೋ ಹಿತ್ತಾಳೆ ಚಿಪ್ಪು, ಗಿಡ್ಡ ಆದ್ದರಿಂದ ರೈಫಲ್ಲೂ ಗಿಡ್ಡ ಆಗುತ್ತೆ. ಆದ್ರೆ ಅದ್ರ ಜೊತೆಗೆ ಒಂದು ಮಾತು ಸೇರಿಸಿದ್ದ, ಮಿಲಿಟರಿ ತೋಟೆ ಜನಸಾಮಾನ್ಯರಿಗೆ ನಿಷೇಧ ಇರೋ ದೇಶಗಳಲ್ಲಿ 7 ಎಂಎಂ-08 ತಗೊಳ್ಳಿ ಅಂತ.

ಅದನ್ನ ಓದಿದ ತಕ್ಷಣ ನಂಗೆ ನೆನಪಾಗಿದ್ದು ನಮ್ಮೂರ ಪಕ್ಕದ ಎಸ್ಟೇಟಿನ ದೊಡ್ಡೋರ ರೈಫಲ್. ಮೂರು ಹದಿನೈದು ಅಂತ ಕರೀತಿದ್ರು ಅದನ್ನ. ಚಿಕ್ಕೋನಿದ್ದಾಗ ನಂಗೆ ಅರ್ಥ ಆಗ್ತಿರಲಿಲ್ಲ, ಪೊಲೀಸರ ಹತ್ರ ಇರೋದು ತ್ರೀ ನಾಟ್ ತ್ರೀ, ಇವ್ರ ಹತ್ರ ಮಾತ್ರ ಯಾಕೆ ಮೂರು ಹದಿನೈದು? ಉತ್ತರ ಬ್ರಿಟಿಷರ ಭಯದಲ್ಲಿದೆ. .303 ಸೈನ್ಯದ ತೋಟೆ, ಅದು ಜನರ ಕೈಗೆ ಸಿಕ್ಕಿದ್ರೆ ಕದ್ದ ಸರ್ಕಾರಿ ತೋಟೇನೇ ಸರ್ಕಾರದ ಮೇಲೆ ತಿರುಗುತ್ತೆ. ಹಂಗಾಗಿ ಅದನ್ನ ನಿಷೇಧಿತ ಬೋರು ಮಾಡಿ, ಆಸ್ಟ್ರಿಯಾದ ಹಳೇ 8 ಎಂಎಂ ಮ್ಯಾನ್‌ಲಿಕರ್ ತೋಟೆಗೆ .315 ಅಂತ ಹೆಸರಿಟ್ಟು ಅದನ್ನ ಜನರಿಗೆ ಬಿಟ್ರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಆರ್ಡ್ನೆನ್ಸ್ ಫ್ಯಾಕ್ಟರಿಗಳು ಅದೇ .315 ಸ್ಪೋರ್ಟಿಂಗ್ ರೈಫಲ್ ಮಾಡ್ತಾ ಬಂದ್ವು. ಅಂದ್ರೆ ಹುಟ್ಟಿದೂರು ಆಸ್ಟ್ರಿಯಾದಲ್ಲೇ ಎಲ್ಲರೂ ಮರೆತ ಒಂದು ತೋಟೆ ಮಲೆನಾಡಿನ ಎಸ್ಟೇಟ್ ಬಂಗ್ಲೆ ಗೋಡೇಲಿ ಬದುಕ್ಕೊಂಡಿದೆ. ಒಳ್ಳೇ ತೋಟೆ ಅಂತ ಯಾರೂ ಆರಿಸಿದ್ದಲ್ಲ ಅದು, ಕಾನೂನು ಬಿಟ್ಟು ಉಳಿದಿದ್ದು.

ಇನ್ನೊಂದು ಪಾಠಾನೂ ಅದೇ .303 ಮನೆತನದ್ದೇ. ಎರಡನೇ ಮಹಾಯುದ್ಧದ ಕೊನೇಲಿ, 1944ರಲ್ಲಿ, ಬ್ರಿಟಿಷರು ಲೀ-ಎನ್‌ಫೀಲ್ಡ್ ರೈಫಲ್ಲಿನ ನಳಿಗೆ ಕತ್ತರಿಸಿ, ಮರ ಕೆತ್ತಿ ತೆಗೆದು, ಕಬ್ಬಿಣದಲ್ಲೂ ಅಲ್ಲಲ್ಲಿ ಕೊರೆದು ಹಗುರ ಮಾಡಿ ನಂಬರ್ 5 ಅಂತ ಒಂದು ರೈಫಲ್ ತಂದ್ರು. ಜನ ಅದನ್ನ ಜಂಗಲ್ ಕಾರ್ಬೈನ್ ಅಂತಾರೆ. ನೋಡೋಕೆ ಎಷ್ಟು ಚಂದ ಅಂದ್ರೆ ಈಗಲೂ ಸಂಗ್ರಹ ಮಾಡೋರು ಮುಗಿಬೀಳ್ತಾರೆ. ಆದ್ರೆ ತೋಟೆ ಮಾತ್ರ ಅದೇ ಹಳೇ .303, ಉದ್ದ ನಳಿಗೆಗೆ ಅಂತ ಮಾಡಿದ್ದು. ಗಿಡ್ಡ ನಳಿಗೇಲಿ ಅದ್ರ ಮದ್ದು ಪೂರ್ತಿ ಕೆಲಸ ಮಾಡೋಷ್ಟರಲ್ಲಿ ಗುಂಡು ಆಚೆ ಹೋಗಿರುತ್ತೆ, ಉಳಿದ ಬೆಂಕಿ ಎಲ್ಲ ಬಾಯಿಂದ ಉಕ್ಕುತ್ತೆ. ಅದಕ್ಕೇ ತುದೀಲಿ ಒಂದು ದೊಡ್ಡ ಕೊಳವೆ ಕೂರಿಸಿದ್ರು, ಬೆಳಕು ಮುಚ್ಚೋಕೆ. ಒದೆತ ತಡೆಯೋಕೆ ಹಿಂದೆ ರಬ್ಬರ್ ಹಾಕಿದ್ರು, ಆ ರಬ್ಬರು ಎಷ್ಟು ಕಿರಿದು ಅಂದ್ರೆ ಒದೆತ ಎಲ್ಲ ಭುಜದ ಒಂದೇ ಜಾಗಕ್ಕೆ ಬೀಳ್ತಿತ್ತು. ಗುರಿ ನಿಲ್ಲಲ್ಲ, ಇವತ್ತು ಇಲ್ಲಿ ಬಿದ್ರೆ ನಾಳೆ ಅಲ್ಲಿ ಬೀಳುತ್ತೆ ಅಂತಾನೂ ದೂರು ಬಂತು. ಯುದ್ಧ ಮುಗಿದು ಕೆಲವೇ ವರ್ಷದಲ್ಲಿ ತಯಾರಿ ನಿಲ್ಲಿಸಿದ್ರು. ಕೋವಿ ಗಿಡ್ಡ ಮಾಡೋದು ಗರಗಸದ ಕೆಲಸ, ಆದ್ರೆ ಗಿಡ್ಡ ಕೋವಿಗೆ ತೋಟೆ ಹೊಂದಿಸೋದು ಬೇರೇನೇ ಕೆಲಸ ಅಂತ ನಂಗೆ ಅರ್ಥ ಆಗಿದ್ದು ಈ ಕಥೆ ಓದಿದ ಮೇಲೇ.

ಯಾಕಂದ್ರೆ ತೋಟೆ ಡಬ್ಬಿ ಮೇಲೆ ಬರೆದಿರೋ ವೇಗ ನಮ್ಮ ವೇಗ ಅಲ್ಲ. ಅದನ್ನ ಸಾಮಾನ್ಯವಾಗಿ 24 ಇಂಚಿನ ನಳಿಗೇಲಿ ಅಳೆದಿರ್ತಾರೆ. .308ರ 150 ಗ್ರೇನ್ ಗುಂಡು, ಅಂದ್ರೆ ಸುಮಾರು 9.7 ಗ್ರಾಂ, ಡಬ್ಬಿ ಪ್ರಕಾರ ಸೆಕೆಂಡಿಗೆ 860 ಮೀಟರ್ ಹೋಗುತ್ತೆ. 16 ಇಂಚಿನ ನಳಿಗೇಲಿ ಅದು 790ರ ಸುತ್ತಮುತ್ತ. ಶಕ್ತಿ ಅಂದ್ರೆ ವೇಗದ ವರ್ಗ ಅಲ್ವಾ, ಸುಮಾರು 3,600 ಜೂಲ್ ಇದ್ದಿದ್ದು 3,000ಕ್ಕೆ ಇಳೀತು. (ಹೌದು, ಎಕ್ಸೆಲ್ ಶೀಟ್ ಮಾಡಿದ್ದೆ. ಸಾಫ್ಟ್‌ವೇರ್‌ನೋನ ಕೈಗೆ ಕೋವಿ ಕೊಟ್ರೆ ಮೊದಲು ಬರೋದು ಎಕ್ಸೆಲ್ ಶೀಟೇ.) ಇದ್ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೋಶ ಒಂದೇ ಗಾತ್ರದ್ದು, ಮದ್ದು ಹೆಚ್ಚುಕಮ್ಮಿ ಅಷ್ಟೇ, ಆದ್ರೆ ನಳಿಗೆ ತೂತು ಕಿರಿದಾದಷ್ಟೂ ನಳಿಗೆ ಕತ್ತರಿಸಿದಾಗ ನಷ್ಟ ಜಾಸ್ತಿ. ಅಗಲ ತೂತಿನಲ್ಲಿ ಗುಂಡು ಒಂದಿಂಚು ಮುಂದೆ ಹೋದ್ರೆ ಹಿಂದಿನ ಗ್ಯಾಸಿಗೆ ಹೆಚ್ಚು ಜಾಗ ಸಿಗುತ್ತೆ, ಅದ್ರ ಕೆಲಸ ಬೇಗ ಮುಗಿಯುತ್ತೆ. ಕಿರಿ ತೂತಿಗೆ ಉದ್ದ ಬೇಕು. ಗಿಡ್ಡ ರೈಫಲ್ಲಿಗೆ .308 ಚೆನ್ನಾಗಿ ಹೊಂದೋದು ಇದೇ ಕಾರಣಕ್ಕೆ, 1952ರಲ್ಲಿ ಅದನ್ನ ಮಾರ್ಕೆಟ್ಟಿಗೆ ತಂದೋರು ಇದನ್ನ ಯೋಚಿಸಿದ್ರೋ ಇಲ್ವೋ.

ಕೊಲರಾಡೋ ಕಾನೂನು ನನ್ನ ಕೆಲಸ ಒಂಚೂರು ಸುಲಭ ಮಾಡ್ತು. ಇಲ್ಲಿ ಜಿಂಕೆಗೆ 6 ಎಂಎಂಗಿಂತ ಸಣ್ಣ ಗುಂಡು ಬಳಸೋ ಹಂಗಿಲ್ಲ, ಗುಂಡಿನ ತೂಕ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85, ಮತ್ತೆ 100 ಗಜದ ದೂರದಲ್ಲಿ 1,000 ಅಡಿ-ಪೌಂಡ್ ಶಕ್ತಿ, ಅಂದ್ರೆ ಸುಮಾರು 1,350 ಜೂಲ್, ಉಳಿದಿರಬೇಕು. ಅಲ್ಲಿಗೆ 6 ಎಂಎಂಗಿಂತ ಸಣ್ಣದಾದ .223 ಮನೆಗೆ ಹೋಯ್ತು, ಇಲ್ಲಿ ಪ್ರತಿ ಎರಡನೇ ಮನೇಲಿ ಇರೋ ತೋಟೆ ಅದು. .300 ಬ್ಲ್ಯಾಕೌಟ್ ಅಂತ ಒಂದು ಹೊಸದು, ಗಿಡ್ಡ ನಳಿಗೆಗೇ ಅಂತ ಹುಟ್ಟಿದ್ದು, ಆದ್ರೆ ಆ ಶಕ್ತಿಯ ಗೆರೆ ಮೇಲೆ ಜೋಲಿ ಹೊಡೀತಾ ನಿಲ್ಲುತ್ತೆ. ರಷ್ಯಾದ 7.62x39 ಗೆರೆ ದಾಟುತ್ತೆ ಅಷ್ಟೇ, ಎಲ್ಕ್‌ಗೆ ನಂಗೆ ಧೈರ್ಯ ಬರಲ್ಲ. .30-30 ಮಾತ್ರ ಸ್ವಲ್ಪ ದಿನ ಮನಸ್ಸು ಕೆಡಿಸ್ತು. 1895ರದ್ದು, ಲಿವರ್ ಆಡಿಸೋ ಸಪೂರ ರೈಫಲ್ಲುಗಳು, ಒಂದೇ ಕೈಯಲ್ಲಿ ಹಿಡ್ಕೊಂಡು ನಡೀಬಹುದು. ನಳಿಗೆ ಕೆಳಗಿನ ಕೊಳವೇಲಿ ತೋಟೆ ಒಂದ್ರ ಹಿಂದೆ ಒಂದು ಕೂರೋದ್ರಿಂದ ಗುಂಡಿನ ಮೂತಿ ಚೂಪಾಗಿರೋ ಹಂಗಿಲ್ಲ, ಮುಂದಿನ ತೋಟೆ ಕೇಪಿಗೆ ಕುಟ್ಟಿಬಿಡುತ್ತೆ. ಮೊಂಡು ಮೂತಿ ಆದ್ದರಿಂದ ಗಾಳೀಲಿ ಬೇಗ ಸೋಲುತ್ತೆ. ಕಾಡಿಗೆ ಸರಿ, ನಮ್ಮ ಇಲ್ಲಿನ ಬಯಲು ಗುಡ್ಡಕ್ಕೆ ಅಲ್ಲ. ಮಲೆನಾಡಿನಂಥ ಜಾಗದಲ್ಲಿದ್ರೆ ಇದನ್ನೇ ತಗೊಂಡು ಲೇಖನ ಇಲ್ಲಿಗೇ ಮುಗಿಸ್ತಿದ್ದೆ.

ಅಂತೂ .308 ಅಂತ ಮುಕ್ಕಾಲು ತೀರ್ಮಾನ ಆಯ್ತು. ಸ್ನೇಹಿತನೊಬ್ಬನ ಹತ್ರ ಗಿಡ್ಡ ನಳಿಗೆದ್ದು ಇತ್ತು, ಒಂದು ಭಾನುವಾರ ರೇಂಜಿಗೆ ಹೋದ್ವಿ. ಹೆಂಡ್ತಿ ಮೂರು ಈಡು ಹೊಡೆದು ಇಟ್ಟುಬಿಟ್ಟಳು. "ರೀ, ಇದು ಗುದ್ದುತ್ತೆ ಕಣ್ರೀ, ನಂಗೆ ಬೇಡ" ಅಂದಳು. ಅಭ್ಯಾಸ ಆಗುತ್ತೆ ಅಂದೆ. ನಾನು ಹತ್ತು ಹೊಡೆದೆ, ಮೊದಲ ನಾಲ್ಕು ಒಂದು ತಟ್ಟೆಯಷ್ಟು ಜಾಗದಲ್ಲಿ ಬಿದ್ವು, ಆಮೇಲಿನವು ಕೆಳಗೆ, ಎಡಕ್ಕೆ, ಎಲ್ಲೆಲ್ಲೋ. ಸ್ಕೋಪ್ ಸಡಿಲ ಆಗಿರಬೇಕು ಅಂತ ಸ್ನೇಹಿತನಿಗೆ ಹೇಳಿದೆ. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಒಬ್ಬರು ಇದನ್ನೆಲ್ಲ ನೋಡ್ತಿದ್ದೋರು ಎದ್ದು ಬಂದು, ನಾನು ತುಂಬಿ ಕೊಡ್ಲಾ ಅಂದ್ರು. ತುಂಬಿ ಕೊಟ್ರು. ಒಂದು ಹೊಡೆದೆ. ಇನ್ನೊಂದು ಕೊಟ್ರು. ಟ್ರಿಗರ್ ಎಳೆದೆ, ಟಕ್ ಅಂತು ಅಷ್ಟೇ, ಖಾಲಿ ಡಮ್ಮಿ ತೋಟೆ ಅದು. ಆದ್ರೆ ನಳಿಗೆ ತುದಿ ಮಾತ್ರ ಕೋಳಿ ಕಾಳು ಕುಕ್ಕಿದ ಹಾಗೆ ಕೆಳಗೆ ಕುಕ್ಕಿತು. ನನ್ನ ಕಣ್ಣು ಮುಚ್ಚಿತ್ತು. ಹೆಂಡ್ತಿ ಹಿಂದೆ ನಿಂತು ನೋಡ್ತಿದ್ದಳು, ಏನೂ ಅನ್ನಲಿಲ್ಲ, ಕಾರಲ್ಲಿ ಬರುವಾಗಲೂ ಏನೂ ಅನ್ನಲಿಲ್ಲ, ಮನೆಗೆ ಬಂದು ಕಾಫಿ ಕೊಡುವಾಗ "ಸ್ಕೋಪ್ ಸರಿ ಆಯ್ತಾ" ಅಂತ ಕೇಳಿದಳು.

ಅವತ್ತಿಂದ ಎಕ್ಸೆಲ್ ಶೀಟಿನಲ್ಲಿ ಮೊದಲನೇ ಕಾಲಂ ಒದೆತದ್ದಾಯ್ತು. ಇದೂ ನ್ಯೂಟನ್ ಲೆಕ್ಕಾನೇ, ಮುಂದಕ್ಕೆ ಹೋಗೋದು ಗುಂಡು ಮತ್ತೆ ಮದ್ದಿನ ಗ್ಯಾಸು, ಹಿಂದಕ್ಕೆ ಬರೋದು ರೈಫಲ್ಲು. ರೈಫಲ್ ಹಗುರ ಆದಷ್ಟೂ ಜೋರಾಗಿ ಬರುತ್ತೆ. ಸ್ಕೋಪ್ ಸೇರಿ 3.4 ಕೆಜಿ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ .308 ಭುಜಕ್ಕೆ ಸುಮಾರು 19 ಜೂಲ್ ಕೊಡ್ತಿತ್ತು, .243 ವಿಂಚೆಸ್ಟರ್ 12ರ ಹತ್ರ. ಅದೇ .308 ಕೋಶದ ಕತ್ತು ಕಿರಿದು ಮಾಡಿ 1955ರಲ್ಲಿ ತಂದ ತೋಟೆ ಈ .243, ಹೆಂಡ್ತಿ ಅದನ್ನ ಬಾಡಿಗೆ ರೈಫಲ್ಲಿನಲ್ಲಿ ಹೊಡೆದು "ಇದು ಪರ್ವಾಗಿಲ್ಲ" ಅಂದಳು. ಜಿಂಕೆಗೆ ಅದು ಧಾರಾಳ ಸಾಕು. ಎಲ್ಕ್‌ಗೆ ಕಾನೂನು ಒಪ್ಪುತ್ತೆ, ಮನಸ್ಸು ಒಪ್ಪಲ್ಲ. ಪ್ರಾಣಿ ಸರಿಯಾಗಿ ಅಡ್ಡ ನಿಂತಿದ್ರೆ ಸರಿ, ಒಂಚೂರು ಓರೆ ನಿಂತ್ರೆ ಆ ಆರೂವರೆ ಗ್ರಾಂ ಗುಂಡು ಎಲುಬು ದಾಟಿ ಎಷ್ಟು ದೂರ ಹೋದೀತು? ಜೊತೆಗೆ ಮೊದಲೇ ಹೇಳಿದ ಕಿರಿ ತೂತಿನ ನಷ್ಟ. ಗಾಯ ಆಗಿ ಓಡಿದ ಪ್ರಾಣೀನ ಅಜ್ಜ ಎರಡು ದಿನ ಹುಡುಕಿದ್ದು ನಂಗೆ ನೆನಪಿದೆ, ಊಟ ಸೇರದೆ ಕೂತಿದ್ರು ಅವ್ರು.

ಹಂಗೆ ಸುತ್ತಾಡಿ ಸುತ್ತಾಡಿ ಬಂದು ನಿಂತಿದ್ದು ನಡುವಿನ ಮಗು ಹತ್ರ, ಕೂಪರ್ ಎರಡನೇ ಮಾತಾಗಿ ಹೇಳಿದ್ದ 7 ಎಂಎಂ-08. ಇದೂ .308 ಕೋಶಾನೇ, ಕತ್ತು 7 ಎಂಎಂಗೆ ಇಳಿಸಿದ್ದು, 1980ರಲ್ಲಿ ರೆಮಿಂಗ್ಟನ್ ಕಂಪನಿ ತಂದಿದ್ದು. ಮೂರೂ ಒಂದೇ ತಾಯಿ ಮಕ್ಕಳು, ಹಿರಿಯೋನು ಜೋರು, ಕಿರಿಯೋಳು ಮೆದು, ಇದು ಮನೇಲಿ ಸದ್ದಿಲ್ದೆ ಕೆಲಸ ಮಾಡೋದು. 120 ಗ್ರೇನಿನ ತಾಮ್ರದ ಗುಂಡು ಹಾಕಿದ್ರೆ ನನ್ನ ಲೆಕ್ಕದಲ್ಲಿ ಒದೆತ 15 ಜೂಲ್ ಹತ್ರ ಬಂತು. ತಾಮ್ರ ಯಾಕಂದ್ರೆ ಸೀಸದ ಗುಂಡು ಒಳಗೆ ಹೋಗಿ ಪುಡಿ ಆಗಿ ಮಾಂಸದಲ್ಲಿ ಸೇರುತ್ತೆ, ಅದನ್ನ ಮಗಳಿಗೆ ಸಾರು ಮಾಡಿ ಹಾಕೋಕೆ ನಾವಿಬ್ರೂ ತಯಾರಿರಲಿಲ್ಲ. ತಾಮ್ರ ಚೂರಾಗಲ್ಲ, ಹೂವಿನ ದಳದ ಹಾಗೆ ಬಿಚ್ಚಿಕೊಂಡು ತೂಕ ಉಳಿಸ್ಕೊಂಡು ಆಳಕ್ಕೆ ಹೋಗುತ್ತೆ, ಹಂಗಾಗಿ ಹಗುರ ಗುಂಡೇ ಭಾರದ ಗುಂಡಿನ ಕೆಲಸ ಮಾಡುತ್ತೆ. ಆದ್ರೆ ಅದಕ್ಕೊಂದು ಹಟ ಇದೆ, ವೇಗ ಇಲ್ದಿದ್ರೆ ಬಿಚ್ಚಲ್ಲ. ಸುಮಾರು ಸೆಕೆಂಡಿಗೆ 600 ಮೀಟರಿಗಿಂತ ಕೆಳಗಿಳಿದ್ರೆ ಪೆನ್ಸಿಲ್ ಚುಚ್ಚಿದ ಹಾಗೆ ತೂರಿ ಹೋಗಬಹುದು. ಗಿಡ್ಡ ನಳಿಗೆ, ತಾಮ್ರದ ಗುಂಡು, ಎರಡೂ ಸೇರಿದಾಗ ದೂರದ ಮಿತಿ ತಾನೇ ಹುಟ್ಟುತ್ತೆ. ನಾನು 250 ಗಜ ಅಂತ ಇಟ್ಕೊಂಡೆ, ಹೆಂಡ್ತಿ 150. 200 ಗಜಕ್ಕೆ ಗುರಿ ಕಟ್ಟಿದ್ರೆ, ಅಂದ್ರೆ ಆ ದೂರಕ್ಕೆ ಸ್ಕೋಪ್ ಹೊಂದಿಸಿದ್ರೆ, 300ರಲ್ಲಿ ಗುಂಡು ಹತ್ತಿರತ್ತಿರ ಒಂದು ಗೇಣು ಕೆಳಗೆ ಬೀಳುತ್ತೆ, ಆ ಗೇಣನ್ನ ಅಂದಾಜು ಮಾಡೋ ಕೆಲಸಾನೇ ಬೇಡ ಅಂತ.

6.5 ಕ್ರೀಡ್‌ಮೋರ್ ಯಾಕಲ್ಲ ಅಂತ ಕೇಳೋರು ಇರ್ತೀರ. ಗೊತ್ತು, ಗೊತ್ತು. 2007ರಲ್ಲಿ ಬಂದಾಗಿಂದ ರೇಂಜಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಒಳ್ಳೇ ತೋಟೆ, ಒದೆತಾನೂ ಹೆಚ್ಚುಕಮ್ಮಿ ಇಷ್ಟೇ, ಸಿಗೋದು ಇದಕ್ಕಿಂತ ಸುಲಭ. ಆದ್ರೆ ಅದ್ರ ಹೆಚ್ಚುಗಾರಿಕೆ ಇರೋದು ಐನೂರು ಗಜ ದಾಟಿದ ಮೇಲೆ, ಉದ್ದ ಸಪೂರ ಗುಂಡು ಗಾಳೀನ ಸೀಳೋದ್ರಲ್ಲಿ. 250ಕ್ಕೆ ನಿಲ್ಲಿಸ್ತೀನಿ ಅಂತ ಬರ್ಕೊಂಡಿರೋನಿಗೆ ಅದು ಬಿಎಂಟಿಸಿ ಬಸ್ಸಿನಲ್ಲಿ ಏರೋಪ್ಲೇನ್ ಸೀಟು ಕೇಳಿದ ಹಾಗೆ. ಸ್ವಲ್ಪ ಹಟಾನೂ ಇದೆ ನಂದು, ಎಲ್ಲರೂ ತಗೊಳ್ಳೋದನ್ನ ತಗೊಳ್ಳೋಕೆ ಮನಸ್ಸು ಬರಲ್ಲ, ಅಡಿಕೆ ರೇಟು ಬಂದಾಗ ಊರೆಲ್ಲ ಅಡಿಕೆ ಹಾಕಿದ್ರೂ ಅಪ್ಪ ಕಾಫೀನೇ ಉಳಿಸ್ಕೊಂಡ್ರಲ್ಲ, ಆ ರಕ್ತ.

ಆ ಹಟಕ್ಕೆ ದಂಡಾನೂ ಕಟ್ಟಿದೀನಿ. 2020ರಲ್ಲಿ, ಇನ್ನೂ ರೈಫಲ್ ಕೊಳ್ಳದೆ ಬರೀ ಲೆಕ್ಕ ಹಾಕ್ತಿದ್ದಾಗಲೇ, ಕೋವಿಡ್ ಬಂದು ಇಲ್ಲಿನ ತೋಟೆ ಅಂಗಡಿ ಕಪಾಟುಗಳು ಖಾಲಿ ಆದ್ವು, ಒಬ್ಬರಿಗೆ ಒಂದೇ ಡಬ್ಬಿ ಅಂತ ಬೋರ್ಡು ಹಾಕಿದ್ರು, ರೇಷನ್ ಅಂಗಡಿ ಥರ. ಮೊದಲು ಖಾಲಿ ಆಗಿದ್ದು .308 ಮತ್ತೆ .223, ಆದ್ರೆ ಅವು ವಾಪಸ್ ಬಂದಿದ್ದೂ ಮೊದಲು. 7 ಎಂಎಂ-08 ಡಬ್ಬಿ ನಂಗೆ ಕಣ್ಣಿಗೆ ಬಿದ್ದಿದ್ದು ಎಷ್ಟೋ ತಿಂಗಳಾದ ಮೇಲೆ, ದೂರದ ಊರಿನ ಒಂದು ಹಾರ್ಡ್‌ವೇರ್ ಅಂಗಡೀಲಿ, ಮೊಳೆ ಡಬ್ಬಿಗಳ ಪಕ್ಕ, ಧೂಳು ಹಿಡಿದು. ರೈಫಲ್ಲೇ ಇರಲಿಲ್ಲ, ಆದ್ರೂ ನಾಲ್ಕು ಡಬ್ಬಿ ಎತ್ಕೊಂಡೆ. ಕೂಪರ್ ಹೇಳಿದ್ದ "ಎಲ್ಲಿ ಹೋದ್ರೂ ಸಿಗುತ್ತೆ" ಅನ್ನೋ ಗುಣ ನಾನು ಬಿಟ್ಟುಕೊಟ್ಟಿದ್ದು ಗೊತ್ತಿದ್ದೇ. ಎಂಬತ್ತು ತೋಟೆ ಅಂದ್ರೆ ವರ್ಷಕ್ಕೆ ಗುರಿ ಕಟ್ಟೋಕೆ ಏಳೆಂಟು, ಬೇಟೆಗೆ ಒಂದೋ ಎರಡೋ. ಬಾಕಿ ಅಭ್ಯಾಸ ಎಲ್ಲ .22 ಅನ್ನೋ ಪುಟ್ಟ ತೋಟೇಲಿ, ಅದು ಗುದ್ದಲ್ಲ, ಕಣ್ಣೂ ಮುಚ್ಚಲ್ಲ.

2022ರಲ್ಲಿ ರೈಫಲ್ ಬಂತು. 18 ಇಂಚಿನ ನಳಿಗೆ, ಹಿಂದಿನ ಹಿಡಿ ಒಂದಿಂಚು ಗಿಡ್ಡ ಮಾಡಿಸಿದ್ವಿ ಹೆಂಡ್ತಿ ಅಳತೆಗೆ, ನಾನು ಹಿಡಿಯುವಾಗ ಒಂದು ರಬ್ಬರ್ ಪ್ಯಾಡ್ ಸಿಕ್ಕಿಸ್ಕೊಳ್ತೀನಿ. ಹೋದ ವರ್ಷ ಅಕ್ಟೋಬರ್ ಕೊನೇಲಿ ಹೆಣ್ಣು ಜಿಂಕೆ ಲೈಸೆನ್ಸ್ ಅವಳ ಹೆಸರಿಗೆ ಬಂತು, ನನ್ನ ಹೆಸರಿಗೆ ಬರಲಿಲ್ಲ. ಎರಡು ದಿನ ನಡೆದ್ವಿ. ಮೂರನೇ ದಿನ ಬೆಳಗ್ಗೆ ಸೇಜ್ ಗಿಡಗಳ ನಡುವೆ 110 ಗಜದಲ್ಲಿ ಅಡ್ಡ ನಿಂತಿತ್ತು, ಕುಕ್ಕರಗಾಲಲ್ಲಿ ಕೂತು ಹೊಡೆದಳು. ಇಪ್ಪತ್ತು ಹೆಜ್ಜೆ ಹೋಗಿ ಬಿತ್ತು. ಕಣ್ಣು ಮುಚ್ಚಿದ್ಯಾ ಅಂತ ನಾನು ಕೇಳಲಿಲ್ಲ.

ಮಾಂಸ ಎಲ್ಲ ಫ್ರೀಝರಿಗೆ ಹಾಕಿ ಆದ ಮೇಲೆ ಊರಿಗೆ ಫೋನ್ ಮಾಡಿ ಅಪ್ಪಂಗೆ ಹೇಳಿದೆ. ಸೊಸೆ ಹೊಡೆದಳು ಅಂದಿದ್ದಕ್ಕೆ ಒಂದು ನಿಮಿಷ ನಕ್ಕರು. ಆಮೇಲೆ ಕೆಲಸದ ಮಾತಿಗೆ ಬಂದ್ರು.

"ಯಾವ ತೋಟೆನೋ?"

"ಏಳು ಎಂಎಂ ಅಪ್ಪ. ರೈಫಲ್ಲಿಂದು."

"ಚರೆ ಎಷ್ಟು ಇರ್ತವೆ ಒಳಗೆ?"

"ಚರೆ ಇರಲ್ಲ. ಒಂದೇ ಗುಂಡು."

"ಒಂದೇನಾ!" ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. "ಅದನ್ನ ಆರಿಸೋಕೆ ಮೂರು ವರ್ಷ ತಗೊಂಡ್ಯಾ ನೀನು?"